ಗಿಡ್ಡಪ್ಪನ ಮೈಕು, ಪೆಟ್ಟಿಗೆಯ ಬೆಕ್ಕು

ಗಿಡ್ಡಪ್ಪ ಬಡಾಯಿಕೋರ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ, ಬಡಾಯಿಕೋರ, ಅಷ್ಟೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಮೈಮೇಲಿನ ಅಂಗಿ ಕಳಚಿ ಬೀಳುತ್ತದೆ ಎನ್ನುವ ಹಾಗೆ ಬದುಕಿದವನು. ನ್ಯಾಮತಿಯಲ್ಲಿ ಆರೋಗ್ಯ ಸಹಾಯಕಿಯಾಗಿದ್ದ ಕಸ್ತೂರಮ್ಮ ಅವನನ್ನು ಮೊದಲ ಸಲ ಕಂಡ ಕಾಲು ಗಂಟೆಯಲ್ಲಿ ಈ ತೀರ್ಮಾನಕ್ಕೆ ಬಂದಳು. ಮುಂದಿನ ಎಂಟು ವರ್ಷದಲ್ಲಿ ಅದನ್ನು ಬದಲಾಯಿಸಿಕೊಳ್ಳಬೇಕಾದ ಕಾರಣ ಅವಳಿಗೆ ಸಿಕ್ಕಿರಲಿಲ್ಲ.

ಅವನು ಹುಟ್ಟಿದ್ದು ಜಗಳೂರಿನಲ್ಲಿ. ಮೂರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು, ಊರಿಗೆ ಬಂದಿದ್ದ ಟೂರಿಂಗ್ ಟಾಕೀಸಿನ ಹಿಂದೆ ಹೋದ. ಮೊದಲು ರೀಲು ಸುತ್ತುವ ಕೆಲಸ, ಆಮೇಲೆ ಯಂತ್ರ ನಡೆಸುವ ಕೆಲಸ. ಎಪ್ಪತ್ತೆರಡರಲ್ಲಿ ಆ ಟಾಕೀಸು ಗುಡಾರ ಕಿತ್ತುಕೊಂಡು ಹೋದಾಗ ಗಿಡ್ಡಪ್ಪ ಚನ್ನಗಿರಿಯಲ್ಲಿ ಉಳಿದುಕೊಂಡ. ಒಂದು ಹಳೆಯ ಹದಿನಾರು ಎಂ.ಎಂ. ಪ್ರೊಜೆಕ್ಟರು, ಒಂದು ಆಂಪ್ಲಿಫೈಯರು, ಎರಡು ಹಾರ್ನು, ಅಂಚು ಹೊಲಿದ ಬಿಳಿ ಪರದೆ ಇವಿಷ್ಟು ಅವನ ಆಸ್ತಿ. ಗೊಬ್ಬರದ ಕಂಪನಿಯವರು, ಬ್ಯಾಂಕಿನವರು, ಕುಟುಂಬ ಯೋಜನೆಯವರು ಹಳ್ಳಿಗಳಲ್ಲಿ ಚಿತ್ರ ತೋರಿಸಬೇಕಾದಾಗ ಅವನನ್ನು ಕರೆಯುತ್ತಿದ್ದರು.

ಆ ಚಿತ್ರಗಳೆಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ಅದಕ್ಕೆ ಗಿಡ್ಡಪ್ಪ ತನ್ನದೇ ದಾರಿ ಕಂಡುಕೊಂಡಿದ್ದ. ಚಿತ್ರದ ಧ್ವನಿಯನ್ನು ಸಣ್ಣಗೆ ಮಾಡಿ, ಮೈಕು ಹಿಡಿದು, ಓಡುತ್ತಿರುವ ಚಿತ್ರದ ಮೇಲೆ ಕನ್ನಡದಲ್ಲಿ ಹೇಳುತ್ತಾ ಹೋಗುವುದು. ಅವನಿಗೆ ಇಂಗ್ಲಿಷಿನ ಗಂಧವಿರಲಿಲ್ಲ. ಪರದೆಯ ಮೇಲೆ ಕಂಡದ್ದಕ್ಕೆ ತನಗೆ ತೋಚಿದ ಅರ್ಥ ಕಟ್ಟುತ್ತಿದ್ದ. ಸಂತೇಬೆನ್ನೂರಿನಲ್ಲಿ ಒಂದು ಸಂತೆಯ ದಿನ ವಿದೇಶದ ಹಸುಗಳ ಚಿತ್ರ ಓಡುತ್ತಿದ್ದಾಗ ಯಾರೋ, "ಈ ಹಸ ಎಷ್ಟು ಹಾಲು ಕೊಡ್ತಾವಪ್ಪ?" ಎಂದು ಕೂಗಿದರು. ಗಿಡ್ಡಪ್ಪ ಉಸಿರು ಎಳೆಯದೆ, "ದಿನಕ್ಕೆ ಮೂವತ್ತು ಲೀಟರು" ಎಂದ. ಮಾರನೆಯ ವಾರ ಪಶುವೈದ್ಯರು ಅದು ಹೆಚ್ಚು ಕಡಿಮೆ ಸರಿ ಎಂದುಬಿಟ್ಟರು. ಅಲ್ಲಿಂದ ಅವನನ್ನು ಹಿಡಿಯುವವರೇ ಇರಲಿಲ್ಲ.

ಕಸ್ತೂರಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ ತಂದೆ ತೀರಿಕೊಂಡು, ಕಾಲೇಜು ಬಿಟ್ಟು ನರ್ಸ್ ತರಬೇತಿಗೆ ಸೇರಿದವಳು. ಎಪ್ಪತ್ತೆಂಟರಲ್ಲಿ ನ್ಯಾಮತಿಯಲ್ಲಿ ವಾಂತಿಭೇದಿಯ ಚಿತ್ರ ತೋರಿಸಿದಾಗ, ನೀರನ್ನು ಹತ್ತು ನಿಮಿಷ ಕುದಿಸಿ ಎಂದು ಚಿತ್ರ ಹೇಳುತ್ತಿದ್ದರೆ ಗಿಡ್ಡಪ್ಪ ಹತ್ತು ಸಲ ಸೋಸಿ ಎಂದು ಹೇಳುತ್ತಿದ್ದ. ಮುಗಿದ ಮೇಲೆ ಅವಳು ಹೋಗಿ ತಪ್ಪು ತೋರಿಸಿದಳು.

"ಎರಡೂ ಒಂದೇ ಬಿಡ್ರಿ ಮೇಡಂ," ಎಂದ ಗಿಡ್ಡಪ್ಪ, ವೈರು ಸುತ್ತುತ್ತಾ. "ಕುದಿಸಿದ್ರೂ ಸೋಸಿದ್ರೂ ನೀರು ನೀರೇ ಅಲ್ವಾ?"

"ಅಲ್ಲ."

"ಮುಂದಿನ ಸಲ ಎರಡೂ ಹೇಳಿಬಿಡ್ತೀನಿ."

ಅವನನ್ನು ಬಿಟ್ಟುಬಿಡಬಹುದಿತ್ತು. ಆದರೆ ಅವಳು ಮನೆಮನೆಗೆ ಹೋಗಿ ಕರೆದರೆ ಬರುವುದು ಹದಿನೈದು ಹೆಂಗಸರು. ಗಿಡ್ಡಪ್ಪನ ಹಾರ್ನು ಒಮ್ಮೆ ಕೂಗಿದರೆ ಮುನ್ನೂರು ಜನ. ಕೆಲಸಕ್ಕೆ ಬರುವ ಬಡಾಯಿ ಎಂದು ಅವಳು ಸುಮ್ಮನಾದಳು.

ಎಂಬತ್ತಮೂರರ ಕೊನೆಯಲ್ಲಿ ಹೊನ್ನಾಳಿಯ ತಿಪ್ಪೇರುದ್ರಸ್ವಾಮಿಯವರ ಕೈಗೆ ಒಂದು ಇಂಗ್ಲಿಷ್ ಚಿತ್ರ ಬಂತು. ಅವರು ಮುಂಬಯಿಯಲ್ಲಿ ರೈಲ್ವೆ ಇಂಜಿನಿಯರಾಗಿದ್ದು ನಿವೃತ್ತರಾಗಿ ಊರಿಗೆ ಮರಳಿದವರು. ಬೆಳಿಗ್ಗೆ ಪ್ರಾಣಾಯಾಮ, ಸಂಜೆ ಉಪನಿಷತ್ತು, ನಡುವೆ ಪತ್ರವ್ಯವಹಾರ. ವಿದೇಶದಲ್ಲಿದ್ದ ಗೆಳೆಯರೊಬ್ಬರು ಕಳಿಸಿದ ಎರಡು ರೀಲಿನ ಆ ಚಿತ್ರವನ್ನು ಸುತ್ತಲಿನ ಊರುಗಳಿಗೆಲ್ಲ ತೋರಿಸಬೇಕೆಂದು ಅವರಿಗೆ ಆಸೆಯಾಯಿತು. ನಾಲ್ಕು ಪುಟ ಕನ್ನಡ ವಿವರಣೆ ಬರೆದು ಗಿಡ್ಡಪ್ಪನ ಕೈಗೆ ಕೊಟ್ಟರು. ಗಿಡ್ಡಪ್ಪ ಅದನ್ನು ಮಡಿಸಿ ಜೇಬಿಗಿಟ್ಟ. ಮತ್ತೆ ಅದು ಹೊರಗೆ ಬಂದದ್ದನ್ನು ಯಾರೂ ಕಾಣಲಿಲ್ಲ. ಬದಲಿಗೆ ಅವನು ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಅಣುವಿನಲ್ಲಿ ಆತ್ಮ' ಎಂದು ಬರೆಸಿ ಹಾರ್ನಿನ ಕೆಳಗೆ ಕಟ್ಟಿದ.

ಮರುವರ್ಷದ ಜನವರಿಯಲ್ಲಿ ಆ ಚಿತ್ರ ಗೋವಿನಕೋವಿಗೆ ಬರುತ್ತದೆ ಎಂದು ಗೊತ್ತಾದಾಗ ಕಸ್ತೂರಮ್ಮ ಒಂದು ಲೆಕ್ಕ ಹಾಕಿದಳು. ಆ ಊರಿನಲ್ಲಿ ತಿಂಗಳುಗಟ್ಟಲೆ ಕೆಮ್ಮುತ್ತಿದ್ದವರು ಐದು ಜನ. ಕಫ ಪರೀಕ್ಷೆಗೆ ಯಾರೂ ಒಪ್ಪುತ್ತಿರಲಿಲ್ಲ. ಇಲಾಖೆಯಲ್ಲಿ ಕ್ಷಯದ ಮೇಲೆ ಹತ್ತು ನಿಮಿಷದ ಚಿತ್ರವಿತ್ತು. ದೊಡ್ಡ ಚಿತ್ರಕ್ಕೆ ಮುಂಚೆ ಅದನ್ನೂ ಓಡಿಸುವಂತೆ ಗಿಡ್ಡಪ್ಪನನ್ನು ಕೇಳಿದಳು. ಅವನು ಖುಷಿಯಿಂದ ಒಪ್ಪಿದ. ಹುಲಿಗೆಮ್ಮ, ಅವನ ಸ್ವಂತ ಅಕ್ಕ, ಮದುವೆಯಾಗಿ ಬಂದದ್ದು ಆ ಊರಿಗೇ. ಅಕ್ಕನ ಊರಿನಲ್ಲಿ ಮೈಕು ಹಿಡಿಯುವುದು ಅವನಿಗೆ ವಿಶೇಷ.

ಶಾಲೆಯ ಮುಂದಿನ ಬಯಲಿನಲ್ಲಿ ಸಂಜೆ ಏಳಕ್ಕೆ ಪರದೆ ಬೆಳಗಿತು. ಮೊದಲು ಕ್ಷಯದ ಚಿತ್ರ. ಕೆಮ್ಮುವ ಮನುಷ್ಯ, ಡಬ್ಬಿಯಲ್ಲಿ ಕಫ, ಬಿಳಿ ಕೋಟಿನವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡುವುದು, ಕಣ್ಣಿಟ್ಟೊಡನೆ ಪರದೆಯ ತುಂಬ ಕೆಂಪು ಕಡ್ಡಿಗಳಂಥ ಕ್ರಿಮಿಗಳು. ಗಿಡ್ಡಪ್ಪ ಇದನ್ನು ಚೆನ್ನಾಗಿಯೇ ಹೇಳಿದ. ಕಸ್ತೂರಮ್ಮ ಅದನ್ನು ಅವನಿಗೆ ಎರಡು ಸಲ ಬಾಯಿಪಾಠ ಮಾಡಿಸಿದ್ದಳು.

ಆಮೇಲೆ ಅಣುವಿನ ಚಿತ್ರ. ಗಡ್ಡದ ಪ್ರೊಫೆಸರೊಬ್ಬರು ಕರಿಹಲಗೆಯ ಮುಂದೆ ನಿಂತು, ಎರಡು ಸೀಳು ಇರುವ ತಗಡಿನ ಮೂಲಕ ಬೆಳಕು ಹಾಯಿಸಿ ತೋರಿಸಿದರು. ಬೆಳಕು ಕೆಲವೊಮ್ಮೆ ಅಲೆಯಂತೆ, ಕೆಲವೊಮ್ಮೆ ಕಾಳಿನಂತೆ ನಡೆದುಕೊಳ್ಳುತ್ತದೆ. ಯಾವ ಸೀಳಿನಿಂದ ಹೋಯಿತೆಂದು ಅಳೆಯಲು ಹೊರಟರೆ ಅಲೆಯ ಗುರುತು ಅಳಿಸಿಹೋಗುತ್ತದೆ. ಕಸ್ತೂರಮ್ಮ ಕಾಲೇಜಿನಲ್ಲಿ ಅರ್ಧಕ್ಕೆ ಬಿಟ್ಟ ಪಾಠ ಅದು. ಹಿಂದಿನ ಸಾಲಿನಲ್ಲಿ ಕುಳಿತು ಗಿಡ್ಡಪ್ಪನ ಅಬ್ಬರದ ಅಡಿಯಲ್ಲಿ ಕೇಳಿಸುವ ಇಂಗ್ಲಿಷಿಗೆ ಕಿವಿಗೊಟ್ಟಳು.

"ನೋಡ್ರಿ, ನೋಡ್ದಾಗ ಒಂದು, ನೋಡ್ದೇ ಇದ್ದಾಗ ಇನ್ನೊಂದು," ಎನ್ನುತ್ತಿದ್ದ ಗಿಡ್ಡಪ್ಪ. "ಜಗತ್ತು ಅಂಬೋದು ನಮ್ಮ ಕಣ್ಣಾಗೈತೆ. ಇದು ನಾ ಹೇಳಿದ್ದಲ್ಲ, ಈ ಸಾಹೇಬರು ಹೇಳಿದ್ದು."

ಪರದೆಯ ಮೇಲೆ ಒಂದು ಪೆಟ್ಟಿಗೆ ಬಂತು. ಪೆಟ್ಟಿಗೆಯೊಳಗೆ ಬೆಕ್ಕು, ಪಕ್ಕದಲ್ಲಿ ಒಂದು ಅಣು ಸಿಡಿದರೆ ಒಡೆಯುವ ವಿಷದ ಸೀಸೆ. ಮುಚ್ಚಳ ಹಾಕಿದರು.

"ಈಗ ಬೆಕ್ಕು ಬದುಕೈತೋ ಸತ್ತೈತೋ?" ಗಿಡ್ಡಪ್ಪ ಕೇಳಿದ.

"ಮುಚ್ಚಳ ತೆಗೆದ್ರೆ ಗೊತ್ತಾಗ್ತತೆ," ಎಂದ ಮುಂದೆ ಕುಳಿತಿದ್ದ ಚಿಕ್ಕಹನುಮಂತಪ್ಪ ಎಂಬ ಮುದುಕ.

"ಅಲ್ಲೇ ಇರೋದು ತಮಾಷೆ ಅಜ್ಜ. ತೆಗೆಯೋ ತನಕ ಬೆಕ್ಕಿಗೆ ಸಾವಿಲ್ಲ. ತೆಗೆದು ನೋಡಿದ್ದಕ್ಕೇ ಸಾಯೋದು. ನೋಟಾನೇ ಕೊಲ್ಲೋದು. ಪೆಟ್ಟಿಗೆ ತೆಗೀಬ್ಯಾಡ್ರಿ, ಬೆಕ್ಕು ಚಿರಂಜೀವಿ."

"ಹಸಿವಿಗೆ ಸಾಯಲ್ವೇನೋ?"

ಜನ ಗೊಳ್ಳೆಂದು ನಕ್ಕರು. ಗಿಡ್ಡಪ್ಪನೂ ನಕ್ಕ. ಆ ನಗುವಿನ ಅಡಿಯಲ್ಲಿ ಪ್ರೊಫೆಸರು ಹೇಳಿದ ಮಾತು ಕಸ್ತೂರಮ್ಮನಿಗೆ ಮಾತ್ರ ಕೇಳಿಸಿತು. ನೋಡುವ ತನಕ ಬೆಕ್ಕು ಬದುಕಿಯೂ ಇದೆ ಸತ್ತೂ ಇದೆ ಎಂದು ಯಾರೂ ನಂಬುವುದಿಲ್ಲ, ನಮ್ಮ ಲೆಕ್ಕ ಎಲ್ಲಿ ತೊಡಕಾಗುತ್ತದೆ ಎಂದು ತೋರಿಸಲು ಕಟ್ಟಿದ ಕತೆ ಇದು ಎಂದರು ಅವರು. ಹಾಗೆಂದು ಅವರು ಬಾಯಿ ಮುಚ್ಚುವ ಮೊದಲೇ ಚಿತ್ರ ತೆಗೆದವನು ಹಿಮಾಲಯಕ್ಕೆ ಜಿಗಿದಿದ್ದ. ಹಿಮದ ನಡುವೆ ಕಣ್ಣು ಮುಚ್ಚಿ ಕುಳಿತ ಯೋಗಿ, ದೀಪದ ಕುಡಿ, ತಂಬೂರಿಯ ನಾದ. ಪೂರ್ವದೇಶದ ಋಷಿಗಳಿಗೆ ಇದೆಲ್ಲ ಎಂದೋ ತಿಳಿದಿತ್ತು ಎಂದು ಇನ್ನೊಂದು ದನಿ, ಪ್ರೊಫೆಸರರದಲ್ಲದ ದನಿ, ಮೆಲ್ಲಗೆ ಹೇಳಿತು. ವಿಜ್ಞಾನಿಯ ಒಂದು ಮಾತು, ಯೋಗಿಯ ಒಂದು ಮುಖ, ಎರಡನ್ನೂ ಗೋಂದು ಹಚ್ಚಿ ಜೋಡಿಸಿದಂತಿತ್ತು.

ಪ್ರೊಫೆಸರರ ಆ ಮಾತನ್ನು ಎದ್ದು ನಿಂತು ಹೇಳಬಹುದಿತ್ತು. ಹೇಳಲಿಲ್ಲ. ಮುನ್ನೂರು ಜನ ಕ್ಷಯದ ಚಿತ್ರ ನೋಡಿದ್ದರು. ಬಂದ ಕೆಲಸ ಆಯಿತು ಎಂದುಕೊಂಡು ಕಸ್ತೂರಮ್ಮ ಕೊನೆಯ ಬಸ್ಸಿಗೆ ಹೊರಟುಹೋದಳು.

ಎಂಟು ದಿನದ ಮೇಲೆ ಕಫದ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಗೋವಿನಕೋವಿಗೆ ಬಂದಾಗ, ಐದು ಮನೆಗಳಲ್ಲಿಯೂ ಬಾಗಿಲಲ್ಲೇ ತಡೆದರು. ಮೊದಲಾದರೆ ನಾಳೆ, ನಾಡಿದ್ದು ಎನ್ನುತ್ತಿದ್ದರು. ಈಗ ಅವರ ಬಳಿ ಕಾರಣವಿತ್ತು. ಹುಲಿಗೆಮ್ಮ ಅದನ್ನು ಬಿಡಿಸಿ ಹೇಳಿದಳು.

"ನೀವು ಡಬ್ಬಿ ತಗೊಂಡೋಗಿ, ಮುಚ್ಚಳ ತೆಗೆದು, ಆ ಕನ್ನಡಿ ಯಂತ್ರದಾಗೆ ನೋಡ್ತೀರಿ. ನೋಡಿದ್ದಕ್ಕೇ ಹುಳ ಹುಟ್ತಾವೆ. ಸಿನಿಮಾದಾಗೆ ನಾನೇ ಕಂಡೀನಲ್ಲ ನರ್ಸಮ್ಮ. ಆ ಡಾಕ್ಟ್ರು ಕಣ್ಣಿಡೋ ತನಕ ಏನೂ ಇರಲಿಲ್ಲ, ಕಣ್ಣಿಟ್ಟಿದ್ದೇ ತಡ ಕೆಂಪಗೆ ಹರಿದಾಡಿದ್ವು."

ಎರಡು ಚಿತ್ರ ಒಂದರ ಹಿಂದೆ ಒಂದು ಓಡಿದ್ದವು. ಒಂದರಲ್ಲಿ ವೈದ್ಯ ನೋಡಿದ, ಕ್ರಿಮಿ ಕಂಡಿತು. ಇನ್ನೊಂದರಲ್ಲಿ ನೋಡಿದರು, ಬೆಕ್ಕು ಸತ್ತಿತು. ಊರು ಎರಡನ್ನೂ ಸೇರಿಸಿ ಒಂದೇ ಚಿತ್ರ ಮಾಡಿಕೊಂಡಿತ್ತು. ಆ ಎರಡನ್ನು ಒಂದೇ ಸಂಜೆ ಒಂದೇ ಪರದೆಗೆ ತಂದವಳು ತಾನೇ.

"ಅದು ಕಣ್ಣಿಗೆ ಕಾಣದಷ್ಟು ಸಣ್ಣದರ ಮಾತು ಹುಲಿಗೆಮ್ಮ. ಬೆಕ್ಕಿಗೆ, ಮನುಷ್ಯರಿಗೆ ಹೇಳಿದ್ದಲ್ಲ."

"ಹುಳನೂ ಕಣ್ಣಿಗೆ ಕಾಣದಷ್ಟು ಸಣ್ಣದೇ ಅಂದ್ರಲ್ಲ ನೀವು?"

ವಾದದಲ್ಲಿ ಹುಲಿಗೆಮ್ಮ ಗೆದ್ದಳು. ಆದರೆ ಮಾತು ಮುಗಿಸುವಷ್ಟರಲ್ಲಿ ಕೆಮ್ಮು ಬಂದು, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮೂವತ್ತೈದರ ಹೆಂಗಸು, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಹೊಸ್ತಿಲಲ್ಲಿ ಐದು ವರ್ಷದ ಅವಳ ಮಗಳು ಕುಳಿತು ಅದೇ ಕೆಮ್ಮನ್ನು ಅಣಕಿಸಿ ಆಡುತ್ತಿದ್ದಳು. ಇನ್ನು ಎರಡು ಮೂರು ತಿಂಗಳು ಹೀಗೇ ಬಿಟ್ಟರೆ ತಾಯಿ ಉಳಿಯುವುದಿಲ್ಲ, ಆ ಮಗುವಿನ ಕೆಮ್ಮೂ ಬರೀ ಅಣಕವಾಗಿ ಉಳಿಯುವುದಿಲ್ಲ ಎಂದು ಕಸ್ತೂರಮ್ಮನಿಗೆ ಗೊತ್ತಿತ್ತು.

ಅವಳು ಮೊದಲು ಹೊನ್ನಾಳಿಯಲ್ಲಿ ಇಳಿದು ತಿಪ್ಪೇರುದ್ರಸ್ವಾಮಿಯವರನ್ನು ಕಂಡಳು. ಅವರು ಮರ್ಯಾದೆಯಿಂದ ಕೂರಿಸಿ, ಕೇಳಿ, ತಲೆದೂಗಿದರು.

"ತಪ್ಪು ಗಿಡ್ಡಪ್ಪನದು. ನಾನು ಬರೆದುಕೊಟ್ಟದ್ದನ್ನು ಅವನು ಓದಲಿಲ್ಲ," ಎಂದರು.

"ನೀವು ಬರೆದದ್ದರಲ್ಲಿ ಬೆಕ್ಕು ಬರೀ ಕತೆ ಅಂತ ಇತ್ತೇ?"

"ಅದು ವಿಷಯಕ್ಕೆ ಅಷ್ಟು ಮುಖ್ಯವಲ್ಲ ಅಂತ ಬಿಟ್ಟೆ. ಮುಖ್ಯವಾದದ್ದು ಚೈತನ್ಯ. ವಿಜ್ಞಾನಿಗಳೇ ಈಗ ಒಪ್ಪುತ್ತಿದ್ದಾರಲ್ಲ ತಾಯಿ."

"ವಿಜ್ಞಾನಿ ಹೇಳಿದ್ದು ಒಂದು, ಸಿನಿಮಾದವರು ಅದರ ಬಾಲಕ್ಕೆ ಕಟ್ಟಿದ್ದು ಇನ್ನೊಂದು. ನೀವು ಧ್ಯಾನ ಮಾಡಿ ಸ್ವಾಮಿ, ನನ್ನ ಅಡ್ಡಿ ಇಲ್ಲ. ಅದಕ್ಕೆ ಆ ಪ್ರೊಫೆಸರರ ಸಾಕ್ಷಿ ಯಾಕೆ ಬೇಕು?"

ಸ್ವಾಮಿಯವರು ಕೈ ಮುಗಿದು ಎದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಅವರಿಂದ ಗೋವಿನಕೋವಿಯ ಒಂದು ಡಬ್ಬಿಯೂ ತುಂಬುವುದಿಲ್ಲ ಎಂದು ಅವಳಿಗೆ ಅರ್ಥವಾಯಿತು. ಅಲ್ಲಿಂದ ಚನ್ನಗಿರಿಯ ಬಸ್ಸು ಹತ್ತಿದಳು.

ಗಿಡ್ಡಪ್ಪ ಮನೆಯ ಜಗಲಿಯ ಮೇಲೆ ರೀಲು ಒರೆಸುತ್ತಾ ಕುಳಿತಿದ್ದ. ಸುದ್ದಿ ಕೇಳಿ ಮೊದಲು ಅವನ ಮುಖ ಅರಳಿತು.

"ಅಂದ್ರೆ ಎಂಟು ದಿನ ಆದ್ರೂ ಜನ ಮರ್ತಿಲ್ಲ ಅಂತಾಯ್ತು. ಹಂಗೆ ಹೇಳೀನಿ ನೋಡ್ರಿ ಮೇಡಂ. ಕೆರೆಬಿಳಚಿಯಾಗೂ ಬೆಕ್ಕಿನ ಮಾತೇ."

"ಕಫ ಕೊಡಲ್ಲ ಅಂದವರಲ್ಲಿ ನಿಮ್ಮ ಅಕ್ಕನೂ ಒಬ್ಬಳು. ನನ್ನ ಅಂದಾಜಿಗೆ ಅವಳಿಗೆ ಟಿ.ಬಿ. ಇದೆ. ಔಷಧಿ ಶುರು ಮಾಡದಿದ್ದರೆ ಸಾಯುತ್ತಾಳೆ."

ಅವನು ಒರೆಸುತ್ತಿದ್ದ ಬಟ್ಟೆ ನಿಂತಿತು.

"ನಮ್ಮಕ್ಕ ನಾ ಹೇಳಿದ್ದು ಒಂದೂ ನಂಬಿದವಳಲ್ಲ," ಎಂದ. "ಹುಟ್ಟಿದಾಗಿಂದ ನಂಬಿಲ್ಲ. ಇದೊಂದು ಯಾಕೆ ನಂಬಿದ್ಲು?"

"ಅವಳನ್ನೇ ಕೇಳಿ. ಈಗ ಹೊರಡಿ."

ಹೊರಟ. ಆದರೆ ಬಡಾಯಿಕೋರ ಬಡಾಯಿಯ ದಾರಿಯಲ್ಲೇ ಹೋಗುತ್ತಾನೆ. ಬಸ್ಸಿನಲ್ಲಿ ಅವನು ಒಂದು ಹೊಸ ಕತೆ ಕಟ್ಟಿಕೊಂಡ. ಚಿತ್ರಕ್ಕೆ ಮೂರನೆಯ ರೀಲೊಂದಿದೆ, ಅದರಲ್ಲಿ ಪೆಟ್ಟಿಗೆ ತೆಗೆದು ನೋಡಿದ ಮೇಲೆ ಬೆಕ್ಕು ಎದ್ದು ಓಡಾಡುತ್ತದೆ ಎಂದು. ಗೋವಿನಕೋವಿಯಲ್ಲಿ ಅಕ್ಕನ ಮುಂದೆ ಕುಳಿತು ಅದನ್ನೇ ಶುರು ಮಾಡಿದ. ಹುಲಿಗೆಮ್ಮ ಅಕ್ಕಿ ಆರಿಸುತ್ತಾ ಕೊನೆಯವರೆಗೂ ಕೇಳಿದಳು. ಬಾಗಿಲ ಬಳಿ ಕಸ್ತೂರಮ್ಮ ಚೀಲ ಹಿಡಿದು ನಿಂತಿದ್ದಳು.

"ಆವತ್ತು ನೋಡಿದ್ರೆ ಸಾಯ್ತತೆ ಅಂದಿ. ಇವತ್ತು ನೋಡಿದ್ರೆ ಬದುಕ್ತತೆ ಅಂತೀಯ. ನಾಳೆ ಬೆಕ್ಕು ಕರು ಹಾಕ್ತು ಅಂತೀಯೇನೋ?"

"ಇದು ಖರೇ ಅಕ್ಕ."

"ಆ ನರ್ಸಮ್ಮ ಹೇಳಿಕೊಟ್ಟು ಕರ್ಕೊಂಡು ಬಂದಾಳೆ. ಕಾಣ್ತತೆ ನಂಗೆ."

ಗಿಡ್ಡಪ್ಪ ಹೊರಗೆ ನೋಡಿದ. ಒಳಗೆ ನೋಡಿದ. ದನಿ ಇಳಿಸಿ, ಪಕ್ಕದ ಮನೆಗೆ ಕೇಳಿಸದ ಹಾಗೆ, "ಅಕ್ಕಾ, ನಂಗೆ ಇಂಗ್ಲಿಷ್ ಬರಲ್ಲ," ಎಂದ. "ಆ ಸಾಹೇಬ ಏನಂದ್ನೋ ನಂಗೆ ಒಂದಕ್ಷರ ತಿಳಿದಿಲ್ಲ. ಬಾಯಿಗೆ ಬಂದಿದ್ದು ಹೇಳಿದೆ."

ಹುಲಿಗೆಮ್ಮ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಗೋಡೆಗೆ ಒರಗಿಕೊಂಡಳು. ಉಸಿರು ಸಿಕ್ಕ ಮೇಲೆ ಹೇಳಿದಳು.

"ಅದು ನಂಗೆ ಗೊತ್ತಿಲ್ವೇನೋ? ಮೂರನೇ ಕ್ಲಾಸಿಗೇ ಸ್ಲೇಟು ಒಡ್ಕೊಂಡು ಓಡಿ ಬಂದವನಿಗೆ ಇಂಗ್ಲಿಷ್ ಎಲ್ಲಿಂದ ಬರ್ತತೆ. ನೀ ಹೇಳಿದ್ದು ಖರೇ ಅಂತ ನಾ ಅಂದ್ಕೊಂಡಿಲ್ಲ. ನಂಗೊಂದು ನೆಪ ಬೇಕಾಗಿತ್ತು, ಇಟ್ಕೊಂಡೆ."

ಅವನು ಮಾತಿಲ್ಲದೆ ಕುಳಿತದ್ದನ್ನು ಕಸ್ತೂರಮ್ಮ ನೋಡಿದ್ದು ಅದೇ ಮೊದಲು. ಅವಳು ಒಳಗೆ ಬಂದು, ಹುಲಿಗೆಮ್ಮನ ಸೆರಗಿನ ತುದಿಯನ್ನು ಹಿಡಿದು ಬಿಡಿಸಿದಳು. ಅದರಲ್ಲಿ ಕೆಂಪು ಕಲೆ ಇತ್ತು. ಒಂದಲ್ಲ, ನಾಲ್ಕೈದು, ಕೆಲವು ಒಗೆದರೂ ಹೋಗದವು.

"ಇದು ಯಾವಾಗಿನಿಂದ?"

"ಸಿನಿಮಾದ ಮಾರನೇ ದಿನದಿಂದ."

"ಯಾರು ನೋಡಿದ್ದಕ್ಕೆ ಬಂತು? ನಾನು ನೋಡಿಲ್ಲ, ಡಾಕ್ಟರು ನೋಡಿಲ್ಲ. ದಿನಾ ಬೆಳಿಗ್ಗೆ ಕದ್ದು ನೋಡುತ್ತಾ ಇರುವವಳು ನೀನೇ. ಪೆಟ್ಟಿಗೆ ಎಂದೋ ತೆಗೆದಾಗಿದೆ ಹುಲಿಗೆಮ್ಮ. ಒಬ್ಬಳೇ ನೋಡಿಕೊಂಡು ಹೆದರಿ ಕೂತಿದೀಯ. ಇನ್ನೊಬ್ಬರೂ ನೋಡಲಿ."

ಹುಲಿಗೆಮ್ಮ ಅಕ್ಕಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೈ ಚಾಚಿ, "ಕೊಡ್ರಿ ಡಬ್ಬಿ," ಎಂದಳು.

ಊರ ಬಸ್ ನಿಲ್ದಾಣಕ್ಕೆ ಹೋಗುವಾಗ ಕಸ್ತೂರಮ್ಮ ಗಿಡ್ಡಪ್ಪನಿಗೆ ನೇರವಾಗಿ ಹೇಳಿದಳು. ಉಳಿದ ನಾಲ್ಕು ಮನೆಯವರೂ ಒಪ್ಪಬೇಕಾದರೆ ಅವನು ಅಕ್ಕನಿಗೆ ಹೇಳಿದ್ದನ್ನೇ ಮೈಕಿನಲ್ಲಿ ಹೇಳಬೇಕು ಎಂದು.

"ಅದೊಂದು ಬ್ಯಾಡ್ರಿ ಮೇಡಂ. ಇಂಗ್ಲಿಷ್ ಬರಲ್ಲ ಅಂತ ಗೊತ್ತಾದ್ರೆ ನನ್ನ ಯಾರು ಕರೀತಾರೆ? ನಿಮ್ಮ ಕಾಲಿಗೆ ಬೀಳ್ತೀನಿ, ಈ ಮಾತು ಹೊರಗೆ ಹೋಗಬಾರದು."

"ನಿಮ್ಮ ಅಕ್ಕನ ಜೀವ ಉಳೀತು, ಉಳಿದವರದ್ದು ಏನಾದರೂ ಆಗಲಿ. ಅಷ್ಟೇ ತಾನೇ?"

ಬಸ್ಸು ಬಂತು, ಹತ್ತಿದ. ಕಿಟಕಿಯಿಂದ ಕೈ ಮುಗಿದ. ಅವಳು ಕೈ ಮುಗಿಯಲಿಲ್ಲ.

ಉಳಿದವರನ್ನು ಒಪ್ಪಿಸಿದ್ದು ಹುಲಿಗೆಮ್ಮನೇ. ಅವಳು ಹೆಚ್ಚೇನೂ ಹೇಳಲಿಲ್ಲ. ಸಿನಿಮಾ ತೋರಿಸಿದವನ ಅಕ್ಕನೇ ಕಫ ಕೊಟ್ಟಳಂತೆ ಎಂಬ ಸುದ್ದಿ ಸಾಕಾಯಿತು. ವಾರದೊಳಗೆ ಐದು ಡಬ್ಬಿಯೂ ತುಂಬಿದವು. ಹೊನ್ನಾಳಿಯ ಪ್ರಯೋಗಾಲಯದಿಂದ ಚೀಟಿಗಳು ಬಂದಾಗ ನಾಲ್ಕರಲ್ಲಿ ಏನೂ ಇರಲಿಲ್ಲ. ಒಬ್ಬನದು ಬೀಡಿಯ ಕೆಮ್ಮು, ಇನ್ನೊಬ್ಬಳದು ಉಬ್ಬಸದ ಗೂರಲು, ಮತ್ತಿಬ್ಬರದು ಚಳಿಗಾಲಕ್ಕೆ ಬಂದು ಹೋಗುವಂಥದ್ದು. ಹುಲಿಗೆಮ್ಮನದರಲ್ಲಿ ಕ್ರಿಮಿ ಕಂಡಿತ್ತು.

ಆ ಚೀಟಿ ಹಿಡಿದು ಕಸ್ತೂರಮ್ಮ ಗೋವಿನಕೋವಿಗೆ ನಡೆದಳು. ನೋಡಿದ್ದಕ್ಕೇ ಹುಟ್ಟಿತು ಎನ್ನುತ್ತಾಳೆ, ಇನ್ನು ಔಷಧಿಯನ್ನೂ ಮುಟ್ಟುವುದಿಲ್ಲ ಎಂದು ಅವಳ ಹೆದರಿಕೆ. ಹುಲಿಗೆಮ್ಮ ಎಲ್ಲವನ್ನೂ ಕೇಳಿದಳು. ಎರಡು ತಿಂಗಳು ಸೂಜಿ, ಒಂದೂವರೆ ವರ್ಷ ಗುಳಿಗೆ, ಒಂದು ದಿನವೂ ತಪ್ಪಿಸಬಾರದು. ಮಗುವನ್ನು ಬೇರೆ ಮಲಗಿಸಬೇಕು. ವಾಸಿಯಾಗುತ್ತದೆ.

"ಅಷ್ಟೇನಾ?" ಎಂದಳು.

"ಅಷ್ಟೇ."

"ನಾ ಏನೇನೋ ಅಂದ್ಕೊಂಡಿದ್ದೆ ನರ್ಸಮ್ಮ. ಯಾರೋ ಮಾಟ ಮಾಡಿಸ್ಯಾರೆ ಅಂದ್ಕೊಂಡಿದ್ದೆ. ಹೊಟ್ಟೆಯಾಗೆ ಏನೋ ಕುಂತೈತೆ ಅಂದ್ಕೊಂಡಿದ್ದೆ. ಮಗಳ ಮದುವೆ ನೋಡಲ್ಲ ಅಂತ ಗಂಡನಿಗೆ ಹೇಳದೇ ಅತ್ತಿದ್ದೆ. ಬರೀ ಟಿ.ಬಿ.ನಾ?"

ಆ ಊರಿನಲ್ಲಿ ಬರೀ ಟಿ.ಬಿ. ಎಂದು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ. ಆ ರಾತ್ರಿ ಅವಳು ಎರಡು ತಿಂಗಳಲ್ಲಿ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದಳೆಂದು ಅವಳ ಗಂಡ ಮಾರಪ್ಪ ಮರುದಿನ ಹೇಳಿದ. ಕೆಮ್ಮು ಹಾಗೇ ಇತ್ತು. ಹೋದದ್ದು ಬೇರೆ ಏನೋ.

ಹದಿನೆಂಟು ತಿಂಗಳು ಕಸ್ತೂರಮ್ಮ ಗುಳಿಗೆ ತಲುಪಿಸಿದಳು. ಮಳೆಗಾಲದಲ್ಲಿ ಒಮ್ಮೆ ಹಳ್ಳ ದಾಟಲಾಗದೆ ಮಾರಪ್ಪನೇ ಈಚೆ ದಡಕ್ಕೆ ಬಂದು ತೆಗೆದುಕೊಂಡು ಹೋದ. ಹುಲಿಗೆಮ್ಮ ಒಂದು ದಿನ ತಪ್ಪಿಸಲಿಲ್ಲ. ಮೈ ತುಂಬಿಕೊಂಡಳು, ಗದ್ದೆಗೆ ಇಳಿದಳು, ಗಂಡನನ್ನು ಬೈಯುವ ದನಿ ಮತ್ತೆ ಬೀದಿಯ ಕೊನೆಗೆ ಕೇಳಿಸತೊಡಗಿತು. ಎಂಬತ್ತೈದರ ಆಗಸ್ಟಿನಲ್ಲಿ ಕೊನೆಯ ಚೀಟಿ ಬಂತು. ಕಫದಲ್ಲಿ ಕ್ರಿಮಿ ಇಲ್ಲ. ರೋಗಿಗಳ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕದ ಕಸ್ತೂರಮ್ಮ ಅಂದು ಹುಲಿಗೆಮ್ಮನ ಜಗಲಿಯಲ್ಲಿ ಕಾಲು ನೀಡಿ ಕುಳಿತು, ಕೊಟ್ಟ ಚಹಾ ಕುಡಿದು, ಇನ್ನೊಂದು ಲೋಟ ಕೇಳಿದಳು. ಚಿತ್ರ ತೋರಿಸಿದ ಸಂಜೆ ಎದ್ದು ನಿಂತು ಮಾತಾಡದೆ ಹೋದದ್ದು ಒಂದೂವರೆ ವರ್ಷ ಅವಳ ಎದೆಯ ಮೇಲೆ ಕುಳಿತಿತ್ತು. ಅದು ಈಗ ಇಳಿಯಿತು.

"ಗಿಡ್ಡ ಬಂದಿದ್ದ ಮೊನ್ನೆ," ಎಂದಳು ಹುಲಿಗೆಮ್ಮ. "ನಮ್ಮಕ್ಕನ್ನ ನಾನೇ ಉಳಿಸಿದ್ದು ಅಂತ ಚನ್ನಗಿರಿ ತುಂಬಾ ಹೇಳ್ಕೊಂಡು ತಿರುಗ್ತಾನಂತೆ."

"ಹೇಳಿಕೊಳ್ಳಲಿ ಬಿಡು."

"ಬೆಕ್ಕು ಇನ್ನೂ ಓಡ್ತೈತಂತೆ. ಜನ ಬೆಕ್ಕೇ ಬೇಕು ಅಂತಾರಂತೆ."

ಕಸ್ತೂರಮ್ಮನಿಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಕೆರೆಬಿಳಚಿಯಲ್ಲಿ, ಸಂತೇಬೆನ್ನೂರಿನಲ್ಲಿ ಅವನು ಈ ಒಂದೂವರೆ ವರ್ಷದಲ್ಲಿ ಅದೇ ಚಿತ್ರವನ್ನು ಅದೇ ಮಾತಿನಲ್ಲಿ ತೋರಿಸಿದ್ದನ್ನು ಅವಳು ಕೇಳಿದ್ದಳು. ಅಕ್ಕನ ಸೆರಗಿನ ಕಲೆ ಕಂಡವನೂ ಚಪ್ಪಾಳೆ ಬಿಡಲಾರ. ಮನುಷ್ಯ ಅಷ್ಟೇ ಎಂದುಕೊಂಡಳು.

ಮರುವರ್ಷ ಅವಳಿಗೆ ಜಗಳೂರಿಗೆ ವರ್ಗವಾಯಿತು. ಹೊಸ ಊರು, ಹೊಸ ಮುಖ, ಹಳೆಯ ಕೆಮ್ಮು. ಫೆಬ್ರವರಿಯ ಒಂದು ಸಂಜೆ ಕೆಲಸ ಮುಗಿಸಿ ಬರುತ್ತಿರುವಾಗ ಹಾರ್ನಿನಲ್ಲಿ ಪರಿಚಯದ ದನಿ ಕೇಳಿ ನಿಂತಳು. ಬಯಲಿನಲ್ಲಿ ಆರೇಳು ನೂರು ಜನ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಊರಿನ ದೊಡ್ಡವರು, ಅವರ ನಡುವೆ ಶಾಲು ಹೊದ್ದ ತಿಪ್ಪೇರುದ್ರಸ್ವಾಮಿಯವರು. ಮೇಜಿನ ಹಿಂದೆ ಇಸ್ತ್ರಿ ಅಂಗಿ ತೊಟ್ಟ ಗಿಡ್ಡಪ್ಪ. ಶಾಲೆ ಬಿಟ್ಟು ರೀಲು ಸುತ್ತಲು ಹೊರಟುಹೋದ ತನ್ನ ಊರಿಗೇ 'ಉಪನ್ಯಾಸಕ' ಎಂದು ಕರೆಸಿಕೊಂಡು ಬಂದಿದ್ದ. ಕಸ್ತೂರಮ್ಮ ಅವನ ಕಣ್ಣಿಗೆ ಬೀಳದ ಹಾಗೆ ಬೇವಿನ ಮರದ ಹಿಂದೆ ನಿಂತಳು. ಅವಳು ಆ ಊರಿಗೆ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಪ್ರೊಫೆಸರು ಬಂದರು. ಸೀಳುಗಳು, ಅಲೆಗಳು, ಕಾಳುಗಳು. ಗಿಡ್ಡಪ್ಪ ಎಂದಿಗಿಂತ ಚೆನ್ನಾಗಿ ಹೇಳಿದ. ನಡುನಡುವೆ ಒಂದೆರಡು ಸಂಸ್ಕೃತ ಶಬ್ದವನ್ನೂ ಕಲಿತಿದ್ದ. ಸ್ವಾಮಿಯವರು ಕುರ್ಚಿಯಲ್ಲಿ ತಲೆದೂಗಿದರು. ಪೆಟ್ಟಿಗೆ ಬಂತು, ಬೆಕ್ಕು ಬಂತು. ಆಗ ಜನರ ನಡುವೆ ಎಲ್ಲೋ ಯಾರೋ ಕೆಮ್ಮಿದರು. ಒಣ ಕೆಮ್ಮು, ಬಿಡದೆ ಎಳೆಯುವಂಥದ್ದು. ಕಸ್ತೂರಮ್ಮ ಅಭ್ಯಾಸದಂತೆ ದನಿ ಬಂದ ಕಡೆ ಕತ್ತು ಹೊರಳಿಸಿದಳು. ಪರದೆಯ ಮೇಲೆ ಮುಚ್ಚಳ ಮುಚ್ಚಿತು. ಜನ ಕಾಯುತ್ತಿದ್ದರು. ಹಾರ್ನಿನಿಂದ ಏನೂ ಬರಲಿಲ್ಲ.

"ಹೇಳಪ್ಪಾ, ಬೆಕ್ಕು ಏನಾತು?" ಎಂದು ಯಾರೋ ಕೂಗಿದರು.

"ಈ ಸಾಹೇಬ ಇಲ್ಲಿ ಏನಂತಾನೋ ನಂಗೆ ತಿಳಿಯಲ್ಲ," ಎಂದಿತು ಹಾರ್ನು. "ಅಲ್ಲಿ ಕೆಮ್ಮಿದೋರು ಯಾರೋ, ನಾಳೆ ಆಸ್ಪತ್ರೆಗೆ ಹೋಗಿ ಕಫ ತೋರಿಸ್ರಿ. ನೋಡಿದ್ರೆ ಏನೂ ಆಗಲ್ಲ."

ತಿಪ್ಪೇರುದ್ರಸ್ವಾಮಿಯವರು ಕುರ್ಚಿಯಲ್ಲೇ ಹಿಂದಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ, ಗಿಡ್ಡಪ್ಪನ ಜೊತೆ ಮೂರನೇ ಕ್ಲಾಸಿನಲ್ಲಿ ಕುಳಿತಿದ್ದವರೊಬ್ಬರು ಜೋರಾಗಿ ನಕ್ಕರು.

"ಏನೋ ಗಿಡ್ಡ, ಇಂಗ್ಲಿಷ್ ಬರಲ್ವೇನೋ ನಿಂಗೆ?"

ಮೈಕು ಅವನ ಕೈಯಲ್ಲೇ ಇತ್ತು. ಗುಂಡಿ ಒತ್ತಿ ಆರಿಸಬಹುದಿತ್ತು, ನಕ್ಕು ತೇಲಿಸಬಹುದಿತ್ತು. ಅವನು ಅದನ್ನು ಬಾಯಿಗೆ ಇನ್ನೂ ಹತ್ತಿರ ತಂದು, ಇಡೀ ಜಗಳೂರಿಗೆ ಕೇಳಿಸುವಂತೆ, "ಬರಲ್ಲ," ಎಂದ.